ಕಾಡಿನ ಬೀಟೆ, ಕಡಲಾಚೆಯ ನಾದ

ಮರಕ್ಕೆ ಎರಡು ಬಾಳು ಉಂಟು. ನೆಲದಲ್ಲಿ ಬೇರೂರಿ ನಿಂತು ನೆರಳನ್ನೂ ಹೂ ಹಣ್ಣುಗಳನ್ನೂ ಕೊಡುವುದು ಒಂದು ಬಾಳು. ಬಡಗಿಯ ಕೈಗೆ ಬಂದು ನೇಗಿಲಾಗಿ, ತೊಟ್ಟಿಲಾಗಿ, ಬಾಗಿಲಾಗಿ, ವಾದ್ಯವಾಗಿ ಮನುಷ್ಯನೊಡನೆ ಕಾಲ ಕಳೆಯುವುದು ಮತ್ತೊಂದು ಬಾಳು. ಈ ಎರಡನೆಯ ಬಾಳಿನಲ್ಲಿ ಕೆಲವು ಮರಗಳು ತಾವು ಹುಟ್ಟಿದ ಕಾಡನ್ನು ಬಿಟ್ಟು ಬಹುದೂರ ಪಯಣಿಸುತ್ತವೆ. ದಕ್ಷಿಣ ಭಾರತದ ಬೀಟೆ ಅಂತಹ ಮರಗಳಲ್ಲಿ ಒಂದು. ಅದು ಕಡಲನ್ನು ದಾಟಿ, ಅಮೆರಿಕದ ಕಾರ್ಖಾನೆಗಳನ್ನು ಸೇರಿ, ಪ್ರಪಂಚದ ಹೆಸರಾಂತ ರಾಕ್ ಸಂಗೀತಗಾರರ ಬೆರಳುಗಳ ಅಡಿಯಲ್ಲಿ ನಾದಕ್ಕೆ ನೆರವಾದ ಕಥೆ ಸ್ವಾರಸ್ಯವಾದುದು, ಅಷ್ಟೇ ವಿಚಾರಾರ್ಹವಾದುದು.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ತಾಲ್ಲೂಕುಗಳಿವೆ. ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು ಈ ನಾಡನ್ನು ತಣಿಸುತ್ತವೆ. ಕೃಷ್ಣರಾಜನಗರದ ಕಡೆ ಬತ್ತದ ಗದ್ದೆಗಳು. ಪಡುವಣಕ್ಕೂ ತೆಂಕಣಕ್ಕೂ ಹೋದಂತೆಲ್ಲ ಹೊಲಗಳು ಮುಗಿದು ಕಾಡು ಮೊದಲಾಗುತ್ತದೆ. ೧೯೫೫ರಲ್ಲಿ ವನ್ಯಧಾಮವಾಗಿ, ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ನಾಗರಹೊಳೆಯ ಅರಣ್ಯ ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳ ಅಂಚಿನಿಂದ ಕೊಡಗಿನವರೆಗೆ ಹಬ್ಬಿದೆ. ತೇಗ, ಮತ್ತಿ, ಹೊನ್ನೆ, ನಂದಿ, ದಿಂಡಿಗಗಳ ನಡುವೆ ಬೀಟೆಯೂ ಇಲ್ಲಿ ಬೆಳೆಯುತ್ತದೆ.

ಸಸ್ಯಶಾಸ್ತ್ರಜ್ಞರು ಬೀಟೆಯನ್ನು ‘ಡಾಲ್ಬರ್ಜಿಯ ಲ್ಯಾಟಿಫೋಲಿಯ’ ಎಂದು ಕರೆಯುತ್ತಾರೆ. ‘ಲ್ಯಾಟಿಫೋಲಿಯ’ ಎಂದರೆ ಅಗಲವಾದ ಎಲೆಯುಳ್ಳದ್ದು ಎಂದು ಅರ್ಥ. ಅವರೆ, ತೊಗರಿಗಳು ಸೇರಿದ ದ್ವಿದಳ ಸಸ್ಯಗಳ ಕುಟುಂಬಕ್ಕೇ ಈ ಮಹಾವೃಕ್ಷವೂ ಸೇರಿದೆ ಎಂದರೆ ಮೊದಲಿಗೆ ನಂಬಿಕೆ ಬಾರದು. ಆದರೆ ಅದರ ಚಪ್ಪಟೆಯಾದ ಚಿಕ್ಕ ಕಾಯಿಗಳನ್ನು ನೋಡಿದರೆ ಆ ಸಂಬಂಧ ತಿಳಿಯುತ್ತದೆ. ಇದರ ಹೊರಮರ ಬೆಳ್ಳಗೆ, ತಿರುಳು ನಸುನೇರಳೆ ಬೆರೆತ ಕಂದು ಬಣ್ಣಕ್ಕೆ ಇರುತ್ತದೆ. ತಿರುಳಿನಲ್ಲಿ ಕಪ್ಪು ಗೆರೆಗಳು ಹರಿದಿರುತ್ತವೆ. ಹೊಸದಾಗಿ ಕೊಯ್ದಾಗ ಹೊಮ್ಮುವ ನವಿರಾದ ಪರಿಮಳದಿಂದಲೇ ಈ ಜಾತಿಯ ಮರಗಳಿಗೆ ಇಂಗ್ಲಿಷಿನಲ್ಲಿ ‘ರೋಸ್‌ವುಡ್’ ಎಂಬ ಹೆಸರು ಬಂದಿತು. ಒಣಗಿದ ಬೀಟೆಯ ಒಂದು ಘನ ಮೀಟರು ಸುಮಾರು ೮೦೦ ಕಿಲೋಗ್ರಾಂ ತೂಗುತ್ತದೆ. ಅದು ಗಡುಸಾದ ಮರ. ತನ್ನಲ್ಲೇ ಎಣ್ಣೆಯ ಅಂಶವನ್ನು ಉಳ್ಳ ಮರ. ಸುಲಭವಾಗಿ ಸವೆಯದ ಮರ. ಆದರೆ ಅದು ಬೆಳೆಯುವುದು ಬಹು ನಿಧಾನ. ಕಾಡಿನಲ್ಲಿ ತಾನಾಗಿ ಹುಟ್ಟಿದ ಒಂದು ಸಸಿ ದೊಡ್ಡ ದಿಮ್ಮಿ ಕೊಡುವಷ್ಟು ಬಲಿಯಬೇಕಾದರೆ ನೂರು ವರ್ಷಗಳೂ ಸಾಲದೆ ಹೋಗಬಹುದು. ಮೂರು ನಾಲ್ಕು ತಲೆಮಾರುಗಳ ಕಾಲ ಮಳೆ ಬಿಸಿಲುಗಳನ್ನು ಉಂಡು ಬೆಳೆದದ್ದನ್ನು ಗರಗಸವು ಒಂದು ಗಳಿಗೆಯಲ್ಲಿ ಉರುಳಿಸಬಲ್ಲುದು.

ಈ ಮರದ ಗುಣವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಬಂಡಿಯ ಚಕ್ರಕ್ಕೆ, ಬೇಸಾಯದ ಮುಟ್ಟುಗಳಿಗೆ, ಮಂಚ ಕುರ್ಚಿಗಳಿಗೆ ಬೀಟೆಯನ್ನು ಬಳಸುತ್ತಿದ್ದರು. ಮೈಸೂರಿನ ಕುಶಲಿಗಳು ಬೀಟೆಯ ಹಲಗೆಯಲ್ಲಿ ಚಿತ್ರವನ್ನು ಕೊರೆದು, ಆ ತಗ್ಗಿನಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನೂ ದಂತವನ್ನೂ ಕೂರಿಸಿ, ಆನೆ, ಅಂಬಾರಿ, ಹಳ್ಳಿಯ ನೋಟಗಳನ್ನು ಮೂಡಿಸಿದರು. ಮೈಸೂರಿನ ಅರಮನೆಯಲ್ಲಿ ದಂತದ ಕೆತ್ತನೆಯನ್ನು ಕೂರಿಸಿದ ಬೀಟೆಯ ಬಾಗಿಲುಗಳನ್ನು ಇಂದಿಗೂ ಕಾಣಬಹುದು. ದಂತದ ವ್ಯಾಪಾರವು ನಿಷಿದ್ಧವಾದ ಮೇಲೆ ಕುಶಲಿಗಳು ಅದರ ಬದಲಿಗೆ ಬೇರೆ ವಸ್ತುಗಳನ್ನು ಬಳಸತೊಡಗಿದರು, ಕಲೆ ನಿಲ್ಲಲಿಲ್ಲ. ತಂಜಾವೂರಿನ ವೀಣೆಗೆ ಹಲಸಿನ ಮರ ಹೆಸರಾದಂತೆ ಮೈಸೂರಿನ ವೀಣೆಗೆ ಬೀಟೆಯ ಮರ ಹೆಸರಾಯಿತು. ವೀಣೆ ಶೇಷಣ್ಣನವರಂತಹ ವೈಣಿಕರು ಬಾಳಿದ ಊರಿನಲ್ಲಿ ಮರಕ್ಕೂ ನಾದಕ್ಕೂ ಇದ್ದ ನಂಟನ್ನು ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಇಂತಹ ಬೀಟೆಗೂ ಎಲೆಕ್ಟ್ರಿಕ್ ಗಿಟಾರಿಗೂ ಏನು ಸಂಬಂಧ? ಅದನ್ನು ತಿಳಿಯಬೇಕಾದರೆ ಆ ವಾದ್ಯವು ಹುಟ್ಟಿದ ಬಗೆಯನ್ನು ಮೊದಲು ಅರಿಯಬೇಕು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಂಗೀತಗಾರರಿಗೆ ಒಂದು ಹೊಸ ತೊಡಕು ಎದುರಾಯಿತು. ಅಲ್ಲಿಯವರೆಗೆ ಕೆಲವರೇ ಕುಳಿತು ಕೇಳುತ್ತಿದ್ದ ಸಂಗೀತವನ್ನು ಸಾವಿರಾರು ಜನ ಒಟ್ಟಿಗೆ ಕೇಳಲು ಬರತೊಡಗಿದರು. ತಂತಿವಾದ್ಯದ ಕೋಮಲವಾದ ದನಿ ಹಿಂದಿನ ಸಾಲಿನವರೆಗೆ ಮುಟ್ಟುತ್ತಿರಲಿಲ್ಲ. ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿದರು. ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ, ಏಳು ತಂತಿಗಳ ಪಿಟೀಲನ್ನು ರೂಪಿಸಿ, ತುಂಬಿದ ಸಭೆಗೆ ಕೇಳುವಂತಹ ಗಂಭೀರ ನಾದವನ್ನು ಅದರಿಂದ ಹೊರಡಿಸಿದರು. ಹೆಚ್ಚುಕಡಮೆ ಅದೇ ಕಾಲದಲ್ಲಿ ಅಮೆರಿಕದ ಗಿಟಾರು ವಾದಕರೂ ಅದೇ ತೊಡಕಿನಿಂದ ಬಳಲುತ್ತಿದ್ದರು. ವಾದ್ಯವೃಂದದ ತುತ್ತೂರಿ, ನಗಾರಿಗಳ ನಡುವೆ ಗಿಟಾರಿನ ದನಿ ಮುಳುಗಿಹೋಗುತ್ತಿತ್ತು. ಅವರು ಹಿಡಿದ ದಾರಿ ಮಾತ್ರ ಬೇರೆ. ತಂತಿಗಳನ್ನು ಹೆಚ್ಚಿಸುವ ಬದಲು ಅವರು ಅಯಸ್ಕಾಂತದ ಮೊರೆಹೊಕ್ಕರು.

ಅಯಸ್ಕಾಂತದ ಬಳಿ ಇರುವ ತಂತಿಸುರುಳಿಯಲ್ಲಿ, ಆ ಅಯಸ್ಕಾಂತದ ಕ್ಷೇತ್ರವು ಬದಲಾದಾಗಲೆಲ್ಲ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದನು. ಊರಿಗೆಲ್ಲ ವಿದ್ಯುತ್ತನ್ನು ಒದಗಿಸುವ ಜನರೇಟರು ಕೆಲಸ ಮಾಡುವುದು ಈ ತತ್ತ್ವದ ಮೇಲೆಯೇ. ಎಲೆಕ್ಟ್ರಿಕ್ ಗಿಟಾರಿನ ಹೃದಯವೂ ಇದೇ ತತ್ತ್ವ. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಒಂದು ಅಯಸ್ಕಾಂತ. ಅದರ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಇದಕ್ಕೆ ‘ಪಿಕಪ್’ ಎಂದು ಹೆಸರು. ಬೆರಳು ಮೀಟಿದೊಡನೆ ಉಕ್ಕಿನ ತಂತಿ ಕಂಪಿಸುತ್ತದೆ. ಆ ಕಂಪನದಿಂದ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ. ಅದು ಅಲುಗಿದಂತೆ ಸುರುಳಿಯಲ್ಲಿ ಬಹು ಸಣ್ಣ ವಿದ್ಯುತ್ಪ್ರವಾಹ ಹುಟ್ಟುತ್ತದೆ. ತಂತಿ ಒಂದು ಸೆಕೆಂಡಿಗೆ ೪೪೦ ಬಾರಿ ಕಂಪಿಸಿದರೆ ಆ ಪ್ರವಾಹವೂ ೪೪೦ ಬಾರಿ ಏರಿ ಇಳಿಯುತ್ತದೆ. ಆಂಪ್ಲಿಫೈಯರು ಈ ಸಣ್ಣ ಪ್ರವಾಹವನ್ನು ಹಲವು ಪಾಲು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ವೀಣೆಯ ಕೊಡ ಮಾಡುವ ಕೆಲಸವನ್ನು ಇಲ್ಲಿ ವಿದ್ಯುತ್ತು ಮಾಡುತ್ತದೆ ಎನ್ನಬಹುದು.

ಜಾರ್ಜ್ ಬೋಶಾಂಪ್ ಎಂಬಾತನು ೧೯೩೧ರಲ್ಲಿ ರೂಪಿಸಿದ ಇಂತಹ ಗಿಟಾರು ರಿಕನ್‌ಬ್ಯಾಕರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ತೊಡೆಯ ಮೇಲೆ ಮಲಗಿಸಿ ನುಡಿಸುವ ಆ ವಾದ್ಯವನ್ನು, ಗುಂಡಗಿನ ಒಡಲು ಮತ್ತು ಉದ್ದನೆಯ ಹಿಡಿಯನ್ನು ಕಂಡು, ಜನರು ‘ಬಾಣಲೆ’ ಎಂದೇ ಕರೆದರು. ಟೊಳ್ಳಾದ ಒಡಲುಳ್ಳ ಗಿಟಾರುಗಳಿಗೆ ಪಿಕಪ್ ಕೂರಿಸಿದಾಗ ಬೇರೊಂದು ತೊಂದರೆ ತಲೆದೋರಿತು. ಧ್ವನಿವರ್ಧಕದಿಂದ ಬಂದ ಸದ್ದು ಮರಳಿ ವಾದ್ಯದ ಒಡಲನ್ನು ನಡುಗಿಸಿ, ಆ ನಡುಕ ಮತ್ತೆ ಧ್ವನಿವರ್ಧಕಕ್ಕೆ ಹೋಗಿ, ಕಿವಿ ಕೊರೆಯುವ ಕೂಗು ಹುಟ್ಟುತ್ತಿತ್ತು. ಜಾತ್ರೆ, ಸಭೆಗಳಲ್ಲಿ ಮೈಕನ್ನು ಧ್ವನಿವರ್ಧಕದ ಮುಂದೆ ತಂದಾಗ ಆಗುವ ಕಿರಿಚಾಟವನ್ನು ಕೇಳದವರಿಲ್ಲ, ಇದೂ ಅದೇ. ಒಡಲನ್ನು ಗಟ್ಟಿಮರದಿಂದ ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆಂದು ಕಂಡುಕೊಂಡವರಲ್ಲಿ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಪ್ರಮುಖನು. ಆತನು ರೇಡಿಯೊ ದುರಸ್ತಿಯ ಕಸುಬಿನಿಂದ ಬಂದವನು. ಗಿಟಾರನ್ನು ನುಡಿಸಲು ಬಾರದವನು. ಆದರೂ ಆತನ ಕಾರ್ಖಾನೆಯಿಂದ ೧೯೫೦ರ ದಶಕದ ಆರಂಭದಲ್ಲಿ ‘ಟೆಲಿಕಾಸ್ಟರ್’, ೧೯೫೪ರಲ್ಲಿ ‘ಸ್ಟ್ರಾಟೊಕಾಸ್ಟರ್’ ಎಂಬ ಗಿಟಾರುಗಳು ಹೊರಬಂದವು. ಪ್ರತಿಸ್ಪರ್ಧಿಯಾದ ಗಿಬ್ಸನ್ ಸಂಸ್ಥೆ ೧೯೫೨ರಲ್ಲಿ ‘ಲೆಸ್ ಪಾಲ್’ ಎಂಬ ಗಿಟಾರನ್ನು ತಂದಿತು. ಪಿಕಪ್ಪಿನಲ್ಲಿ ಕೇಳುತ್ತಿದ್ದ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಅಡಗಿಸಲು ಗಿಬ್ಸನ್ನಿನ ಸೆತ್ ಲವರ್ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಒಂದರ ಗದ್ದಲವು ಇನ್ನೊಂದರ ಗದ್ದಲವನ್ನು ಅಳಿಸುವಂತೆ ಮಾಡಿದನು. ಇಂದು ಹಳೆಯ ಗಿಟಾರುಗಳ ಸಂಗ್ರಾಹಕರು ಹುಡುಕಿಕೊಂಡು ಅಲೆಯುವುದು ಮುಖ್ಯವಾಗಿ ಈ ಎರಡು ಸಂಸ್ಥೆಗಳು ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ತಯಾರಿಸಿದ ವಾದ್ಯಗಳನ್ನೇ.

ಬೀಟೆ ಈ ಕಥೆಯೊಳಕ್ಕೆ ಪ್ರವೇಶಿಸುವುದು ಗಿಟಾರಿನ ಕತ್ತಿನ ಮೇಲಿನ ಪಟ್ಟಿಯಿಂದ. ವೀಣೆಯ ದಂಡಿಯ ಮೇಲೆ ಮೇಣದಲ್ಲಿ ೨೪ ಮೆಟ್ಟಿಲುಗಳನ್ನು ಕೂರಿಸುತ್ತಾರೆ. ಗಿಟಾರಿನಲ್ಲಿ ಲೋಹದ ಮೆಟ್ಟಿಲುಗಳನ್ನು ಒಂದು ಮರದ ಪಟ್ಟಿಯ ಸೀಳುಗಳಲ್ಲಿ ಬಿಗಿಯುತ್ತಾರೆ. ಎಡಗೈಯ ಬೆರಳುಗಳು ದಿನದಿನವೂ ಓಡಾಡುವ ಈ ಪಟ್ಟಿ ಗಡುಸಾಗಿರಬೇಕು, ಬೆವರಿಗೆ ಕೆಡದಿರಬೇಕು, ಮೆರುಗೆಣ್ಣೆ ಇಲ್ಲದೆಯೂ ನುಣುಪಾಗಿರಬೇಕು. ಈ ಗುಣಗಳೆಲ್ಲ ರೋಸ್‌ವುಡ್ಡಿನಲ್ಲಿ ಉಂಟು. ಲಿಯೊ ಫೆಂಡರನು ೧೯೫೯ರ ಹೊತ್ತಿಗೆ ತನ್ನ ಗಿಟಾರುಗಳಿಗೆ ಈ ಮರದ ಪಟ್ಟಿಯನ್ನು ಹಾಕಿಸತೊಡಗಿದನು. ಮೊದಲು ಬಳಕೆಯಲ್ಲಿದ್ದುದು ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ರೋಸ್‌ವುಡ್. ಬೀಟೆಯ ದಾಯಾದಿಯಾದ ಆ ಮರಕ್ಕೆ ಬೇಡಿಕೆ ಏರಿತು, ಕಾಡು ಕರಗಿತು, ಅಗಲವಾದ ಹಲಗೆಗಳು ಸಿಗದಾದವು. ಅಮೆರಿಕದ ಮಾರ್ಟಿನ್ ಎಂಬ ಹಳೆಯ ಗಿಟಾರು ಸಂಸ್ಥೆ ೧೯೬೫ರಲ್ಲಿ ‘ಡಿ-೩೫’ ಎಂಬ ಗಿಟಾರನ್ನು ಹೊರತಂದಾಗ, ಅದರ ಬೆನ್ನನ್ನು ಎಂದಿನಂತೆ ಎರಡು ಹಲಗೆಗಳ ಬದಲು ಮೂರು ಕಿರಿದಾದ ತುಂಡುಗಳಿಂದ ಜೋಡಿಸಿತ್ತು. ಕೊರತೆಯಿಂದ ಹುಟ್ಟಿದ ಆ ಜೋಡಣೆಯೇ ಮುಂದೆ ಆ ಗಿಟಾರಿನ ಚೆಲುವಿನ ಗುರುತಾಯಿತು. ಬ್ರೆಜಿಲ್ ತನ್ನ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿದ ಮೇಲೆ ತಯಾರಕರು ಪೂರ್ವದ ಕಡೆಗೆ ತಿರುಗಿದರು. ೧೯೬೦ರ ದಶಕದ ನಡುವಿನಿಂದ ಫೆಂಡರ್ ಗಿಟಾರುಗಳಲ್ಲಿ ಭಾರತದ ರೋಸ್‌ವುಡ್, ಎಂದರೆ ಬೀಟೆ, ಕಾಣಿಸಿಕೊಂಡಿತು. ೧೯೬೯ರಲ್ಲಿ ಮಾರ್ಟಿನ್ ಸಂಸ್ಥೆಯೂ ಬೀಟೆಗೆ ಬದಲಾಯಿಸಿಕೊಂಡಿತು. ಹೀಗೆ ದಕ್ಷಿಣ ಭಾರತದ ಕಾಡುಗಳ ಮರವು ಪಾಶ್ಚಾತ್ಯ ಸಂಗೀತದ ಒಂದು ನಿತ್ಯದ ಸಾಮಗ್ರಿಯಾಯಿತು.

ರೋಸ್‌ವುಡ್ಡಿನ ಮೇಲಿನ ಮೋಹ ಎಷ್ಟಿತ್ತೆಂದರೆ, ೧೯೬೮ರಲ್ಲಿ ಫೆಂಡರ್ ಸಂಸ್ಥೆ ಕತ್ತು, ಒಡಲು ಎರಡನ್ನೂ ಆ ಮರದಿಂದಲೇ ಮಾಡಿದ ಟೆಲಿಕಾಸ್ಟರ್ ಒಂದನ್ನು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನಿಗಾಗಿ ಸಿದ್ಧಪಡಿಸಿತು. ಪಂಡಿತ ರವಿಶಂಕರರಲ್ಲಿ ಸಿತಾರವನ್ನು ಕಲಿತ ಹ್ಯಾರಿಸನ್ ಈ ಗಿಟಾರನ್ನು ೧೯೬೯ರ ಜನವರಿ ೩೦ರಂದು ಲಂಡನ್ನಿನ ಒಂದು ಕಟ್ಟಡದ ತಾರಸಿಯ ಮೇಲೆ ನಡೆದ ಬೀಟಲ್ಸರ ಕೊನೆಯ ಬಹಿರಂಗ ಕಚೇರಿಯಲ್ಲಿ ನುಡಿಸಿದನು. ಅನಂತರ ಅದನ್ನು ಸ್ನೇಹಿತನಾದ ಸಂಗೀತಗಾರನೊಬ್ಬನಿಗೆ ಕೊಟ್ಟುಬಿಟ್ಟನು. ಹ್ಯಾರಿಸನ್ ತೀರಿಕೊಂಡ ಮೇಲೆ, ೨೦೦೩ರಲ್ಲಿ ಹರಾಜಿಗೆ ಬಂದ ಆ ಗಿಟಾರು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಗಿ ಮರಳಿ ಅವನ ಮನೆಯವರನ್ನೇ ಸೇರಿತು.

ಸಂಗೀತಗಾರನೊಬ್ಬನ ಸಂಗ್ರಹವು ಹೇಗೆ ಬೆಳೆಯುತ್ತದೆ, ಕೊನೆಗೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರನ ಗಿಟಾರುಗಳು ಉತ್ತಮ ನಿದರ್ಶನ. ಆತನು ೧೯೭೦ರಲ್ಲಿ ನ್ಯೂಯಾರ್ಕಿನ ಮ್ಯಾನೀಸ್ ಎಂಬ ಸಂಗೀತದ ಅಂಗಡಿಯಲ್ಲಿ ಕಪ್ಪು ಬಣ್ಣದ ಒಂದು ಸ್ಟ್ರಾಟೊಕಾಸ್ಟರನ್ನು ಕೊಂಡನು. ಆಗ ಅದು ಅಂಗಡಿಯ ಗೋಡೆಯ ಮೇಲಿನ ಹಲವು ಗಿಟಾರುಗಳಲ್ಲಿ ಒಂದು, ಅಷ್ಟೆ. ೧೯೭೩ರಲ್ಲಿ ಹೊರಬಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಮೊದಲಾದ ಧ್ವನಿಮುದ್ರಿಕೆಗಳಲ್ಲಿ ಅದರ ದನಿ ಕೇಳಿಬಂದ ಮೇಲೆ ಅದಕ್ಕೆ ‘ಬ್ಲ್ಯಾಕ್ ಸ್ಟ್ರಾಟ್’ ಎಂಬ ಅಂಕಿತನಾಮವೇ ಬಂದಿತು. ಗಿಲ್ಮೋರನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಪೂಜಿಸಲಿಲ್ಲ, ದುಡಿಸಿಕೊಂಡನು. ಸ್ಟ್ರಾಟೊಕಾಸ್ಟರಿನ ಕತ್ತನ್ನು ಒಡಲಿಗೆ ನಾಲ್ಕು ತಿರುಪುಗಳಿಂದ ಬಿಗಿದಿರುತ್ತಾರೆ. ಬೇಕೆಂದಾಗ ಬಿಚ್ಚಿ ಬದಲಾಯಿಸಬಹುದು. ಬ್ಲ್ಯಾಕ್ ಸ್ಟ್ರಾಟಿನ ಕತ್ತು ಹಲವು ಬಾರಿ ಬದಲಾಯಿತು, ಪಿಕಪ್ ಬದಲಾಯಿತು, ಮುಂದಿನ ಬಿಳಿಯ ಹಾಳೆ ಹೋಗಿ ಕಪ್ಪು ಹಾಳೆ ಬಂದಿತು. ಹಾಗಾದರೆ ಕೊನೆಯಲ್ಲಿ ಉಳಿದದ್ದು ಮೊದಲಿನ ಗಿಟಾರೇ ಹೌದೆ? ಹಿಡಿಯನ್ನೂ ಅಲಗನ್ನೂ ಬದಲಾಯಿಸಿದ ಮೇಲೂ ಮನೆಯವರು ‘ಇದು ಅಜ್ಜನ ಮಚ್ಚು’ ಎಂದೇ ಹೇಳುವುದುಂಟು. ವಸ್ತುವಿನ ಗುರುತು ಅದರ ಬಿಡಿಭಾಗಗಳಲ್ಲಿ ಮಾತ್ರ ಇರುವುದಿಲ್ಲ; ಅದು ಮಾಡಿದ ಕೆಲಸದಲ್ಲಿಯೂ ಇರುತ್ತದೆ.

ಗಿಟಾರು ಒಂದೇ ನಾದವನ್ನು ಕಟ್ಟಲಾರದು. ಅದರೊಡನೆ ಬರುವ ಉಪಕರಣಗಳೂ ಸಂಗ್ರಹದಲ್ಲಿ ಸೇರುತ್ತವೆ. ಅವುಗಳಲ್ಲಿ ಮುಖ್ಯವಾದುದು ವಾಲ್ವ್ ಆಂಪ್ಲಿಫೈಯರು. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಜನರು ಕೇಳುತ್ತಿದ್ದ ರೇಡಿಯೊಗಳಲ್ಲಿ, ಗುಂಡಿ ತಿರುಗಿಸಿದ ಕೆಲವು ಕ್ಷಣಗಳ ಮೇಲೆ ಮೆಲ್ಲನೆ ಕೆಂಪಗೆ ಬೆಳಗುವ ಗಾಜಿನ ಬುರುಡೆಗಳಿರುತ್ತಿದ್ದವು. ಅವೇ ವಾಲ್ವುಗಳು. ಟ್ರಾನ್ಸಿಸ್ಟರು ಬಂದ ಮೇಲೆ ರೇಡಿಯೊಗಳಿಂದ ಅವು ಮರೆಯಾದವು. ಗಿಟಾರು ವಾದಕರು ಮಾತ್ರ ಅವನ್ನು ಬಿಡಲಿಲ್ಲ. ವಾಲ್ವಿಗೆ ಅದರ ಶಕ್ತಿಮೀರಿ ಪ್ರವಾಹ ಕೊಟ್ಟಾಗ ನಾದವು ಒಡೆದು, ಒರಟಾಗಿ, ಅದರಲ್ಲಿ ಮೊದಲಿಲ್ಲದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಎಂಜಿನಿಯರು ದೋಷವೆಂದು ಬಗೆದುದನ್ನೇ ರಾಕ್ ಸಂಗೀತಗಾರನು ಗುಣವೆಂದು ಸ್ವೀಕರಿಸಿದನು. ಇಟಲಿಯಲ್ಲಿ ತಯಾರಾಗುತ್ತಿದ್ದ ‘ಬಿನ್ಸನ್ ಎಕೊರೆಕ್’ ಎಂಬ ಯಂತ್ರವು ಗಿಲ್ಮೋರನಿಗೆ ಪ್ರಿಯವಾಗಿತ್ತು. ಅದರೊಳಗೆ ತಿರುಗುವ ಒಂದು ಕಾಂತೀಯ ಚಕ್ರ ಮೀಟಿದ ಸ್ವರವನ್ನು ಬರೆದುಕೊಂಡು, ತುಸು ತಡೆದು, ಮತ್ತೆ ಮತ್ತೆ ಹೇಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಮಾತು ಹಲವು ಬಾರಿ ಮಾರ್ದನಿಗೊಳ್ಳುವಂತೆ ಒಂದು ಪೆಟ್ಟಿಗೆಯೊಳಗೆ ಸ್ವರಗಳು ಮಾರ್ದನಿಗೊಳ್ಳುತ್ತವೆ. ಗುಮ್ಮಟದ ಕಲ್ಲು ಮಾಡುವ ಕೆಲಸವನ್ನು ಇಲ್ಲಿ ಚಕ್ರವು ಮಾಡುತ್ತದೆ.

೨೦೧೯ರ ಜೂನ್ ೨೦ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆಯಲ್ಲಿ ಗಿಲ್ಮೋರನು ತನ್ನ ೧೨೦ಕ್ಕೂ ಹೆಚ್ಚು ಗಿಟಾರುಗಳನ್ನು ಮಾರಾಟಕ್ಕಿಟ್ಟನು. ಬ್ಲ್ಯಾಕ್ ಸ್ಟ್ರಾಟ್ ೩೯ ಲಕ್ಷ ೭೫ ಸಾವಿರ ಡಾಲರಿಗೆ ಹೋಯಿತು. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಗಿಟಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ೧೯೭೧ರಿಂದ ಅವನ ಬಳಿ ಇದ್ದ ಮಾರ್ಟಿನ್ ಡಿ-೩೫, ಮೂರು ತುಂಡು ಮರದ ಬೆನ್ನಿನ ಆ ಗಿಟಾರು, ಹತ್ತು ಲಕ್ಷ ಡಾಲರನ್ನು ಮೀರಿತು. ಒಟ್ಟು ಮೊತ್ತ ೨ ಕೋಟಿ ೧೪ ಲಕ್ಷ ಡಾಲರಿಗೂ ಹೆಚ್ಚು. ಆ ಹಣದಲ್ಲಿ ಗಿಲ್ಮೋರನು ಹೊಸ ಸಂಗ್ರಹವನ್ನು ಕಟ್ಟಲಿಲ್ಲ. ಪರಿಸರದ ರಕ್ಷಣೆಗಾಗಿ ನ್ಯಾಯಾಲಯಗಳಲ್ಲಿ ಹೋರಾಡುವ ‘ಕ್ಲೈಂಟ್‌ಅರ್ತ್’ ಎಂಬ ಸಂಸ್ಥೆಗೆ ಅದನ್ನು ದಾನವಾಗಿ ಕೊಟ್ಟನು. ಕಾಡಿನಿಂದ ಬಂದ ಮರವು ದುಡಿದು ದಣಿದು ಕೊನೆಗೆ ಪ್ರಕೃತಿಯ ಋಣವನ್ನು ಒಂದಿಷ್ಟು ತೀರಿಸಿದಂತಾಯಿತು. ‘ಡೈರ್ ಸ್ಟ್ರೇಟ್ಸ್’ ತಂಡದ ಮಾರ್ಕ್ ನಾಫ್ಲರನ ಸಂಗ್ರಹವು ೨೦೨೪ರ ಜನವರಿ ೩೧ರಂದು ಲಂಡನ್ನಿನಲ್ಲಿ ಹರಾಜಾದಾಗಲೂ ಮೊತ್ತವು ೮೦ ಲಕ್ಷ ಪೌಂಡುಗಳನ್ನು ಮೀರಿತು. ಅದರಲ್ಲಿ ಕಾಲುಭಾಗವು ಧರ್ಮಕಾರ್ಯಗಳಿಗೆ ಸಂದಿತು.

ಇಷ್ಟು ಬೆಲೆ ಇರುವಲ್ಲಿ ಮೋಸವೂ ಇರುತ್ತದೆ. ಆದುದರಿಂದ ಹಳೆಯ ಗಿಟಾರಿನ ಪರೀಕ್ಷೆ ಒಂದು ವಿದ್ಯೆಯಾಗಿಯೇ ಬೆಳೆದಿದೆ. ಬಲ್ಲವರು ಕತ್ತನ್ನು ಬಿಚ್ಚಿ ಅದರ ತುದಿಯಲ್ಲಿ ಕಾರ್ಖಾನೆಯ ಕೆಲಸಗಾರನು ಪೆನ್ಸಿಲಿನಿಂದ ಬರೆದ ತಾರೀಖನ್ನು ಹುಡುಕುತ್ತಾರೆ. ಒಳಗಿನ ವಿದ್ಯುತ್ ಬಿಡಿಭಾಗಗಳ ಮೇಲೆ ಅಚ್ಚಾದ ವರ್ಷ ವಾರಗಳ ಸಂಕೇತವನ್ನು ಓದುತ್ತಾರೆ. ಬೆಸುಗೆ ಮೊದಲಿನದೇ, ಆಮೇಲೆ ಹಾಕಿದ್ದೇ ಎಂದು ನೋಡುತ್ತಾರೆ. ನೇರಳಾತೀತ ದೀಪದ ಬೆಳಕಿನಲ್ಲಿ ಬಣ್ಣದ ವಯಸ್ಸನ್ನು ಅಳೆಯುತ್ತಾರೆ. ಕೇವಲ ಒಂದು ಸಂಖ್ಯೆಯನ್ನು ನಂಬುವಂತಿಲ್ಲ. ಗಿಲ್ಮೋರನ ಸಂಗ್ರಹದಲ್ಲಿ ‘೦೦೦೧’ ಎಂಬ ಸಂಖ್ಯೆಯನ್ನು ಹೊತ್ತ ೧೯೫೪ರ ಬಿಳಿಯ ಸ್ಟ್ರಾಟೊಕಾಸ್ಟರ್ ಒಂದಿತ್ತು. ಆದರೆ ಅದು ತಯಾರಾದ ಮೊದಲ ಸ್ಟ್ರಾಟೊಕಾಸ್ಟರ್ ಅಲ್ಲ. ಶಾಸನವನ್ನು ಓದುವ ಇತಿಹಾಸಕಾರನಂತೆ ಇಲ್ಲಿಯೂ ಹಲವು ಸಾಕ್ಷ್ಯಗಳನ್ನು ಒಂದರೊಡನೊಂದು ಹೋಲಿಸಿ ನೋಡಬೇಕಾಗುತ್ತದೆ.

ಎಲೆಕ್ಟ್ರಿಕ್ ಗಿಟಾರಿನ ನಾದದಲ್ಲಿ ಮರದ ಪಾಲು ಎಷ್ಟು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ವೀಣೆಯಲ್ಲಾಗಲಿ, ಟೊಳ್ಳಾದ ಗಿಟಾರಿನಲ್ಲಾಗಲಿ ಮರವೇ ಕಂಪಿಸಿ ಗಾಳಿಯನ್ನು ನಡುಗಿಸುತ್ತದೆ. ಆದುದರಿಂದ ಮರದ ಗುಣ ನೇರವಾಗಿ ಕಿವಿಗೆ ಮುಟ್ಟುತ್ತದೆ. ಗಟ್ಟಿಯೊಡಲಿನ ಎಲೆಕ್ಟ್ರಿಕ್ ಗಿಟಾರಿನಲ್ಲಿ ದನಿಯನ್ನು ನಿರ್ಧರಿಸುವುದು ಮುಖ್ಯವಾಗಿ ತಂತಿ, ಪಿಕಪ್, ಆಂಪ್ಲಿಫೈಯರು ಮತ್ತು ನುಡಿಸುವ ಕೈ. ಅಲ್ಲಿ ಬೀಟೆಯ ಹಿರಿಮೆ ಇರುವುದು ಅದರ ತಾಳಿಕೆಯಲ್ಲಿ, ಬೆರಳಿಗೆ ಕೊಡುವ ಹಿತದಲ್ಲಿ. ಆದರೂ ಕೊಳ್ಳುವವರು ಮರದ ಹೆಸರನ್ನು ಕೇಳಿ ಹಣ ಕೊಡುತ್ತಾರೆ. ವಸ್ತುವಿನ ಬೆಲೆ ಅದರ ಉಪಯೋಗದಿಂದ ಮಾತ್ರವಲ್ಲದೆ ಮನುಷ್ಯನ ನಂಬಿಕೆಯಿಂದಲೂ ಏರುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ಆ ನಂಬಿಕೆಯ ಭಾರವನ್ನು ಕೊನೆಗೆ ಹೊರಬೇಕಾಗುವುದು ಮಾತ್ರ ಕಾಡು.

ಬ್ರೆಜಿಲಿನ ರೋಸ್‌ವುಡ್ಡಿಗೆ ಒದಗಿದ ಗತಿ ಒಂದು ಎಚ್ಚರಿಕೆ. ಅಳಿವಿನ ಭಯವುಳ್ಳ ಪ್ರಾಣಿಗಳ, ಸಸ್ಯಗಳ ವ್ಯಾಪಾರವನ್ನು ಹತೋಟಿಯಲ್ಲಿಡಲು ೧೯೭೩ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ‘ಸೈಟಿಸ್’ ಎಂದು ಹೆಸರು. ೧೯೭೬ರಲ್ಲಿ ಭಾರತವೂ ಅದನ್ನು ಸೇರಿತು. ಈ ಒಪ್ಪಂದದಂತೆ ೧೯೯೨ರಲ್ಲಿ ಬ್ರೆಜಿಲಿನ ಮರದ ವ್ಯಾಪಾರಕ್ಕೆ ಅತ್ಯಂತ ಕಠಿಣವಾದ ನಿರ್ಬಂಧ ಬಿದ್ದಿತು. ೨೦೧೭ರ ಜನವರಿಯಿಂದ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯ ಕುಲದ ಮರಗಳೆಲ್ಲವೂ ನಿಯಂತ್ರಣಕ್ಕೆ ಒಳಪಟ್ಟವು. ಗಿಟಾರು ತಯಾರಕರಲ್ಲಿ ಕೆಲವರು ತಮ್ಮ ಕೆಲವು ಬಗೆಯ ವಾದ್ಯಗಳಿಗೆ ಬೇರೆ ಮರಗಳನ್ನು ಹುಡುಕಿಕೊಂಡರು. ವಾದಕರು ತಮ್ಮ ವಾದ್ಯದೊಡನೆ ಗಡಿ ದಾಟಲು ಅಂಜಿದರು. ಸಿದ್ಧವಾದ ವಾದ್ಯಗಳಿಂದ ಕಾಡಿಗೆ ಬರುವ ಅಪಾಯ ಅಲ್ಪವೆಂದು ಕಂಡು, ೨೦೧೯ರಲ್ಲಿ ಅವುಗಳಿಗೆ ವಿನಾಯಿತಿಯನ್ನು ಕೊಡಲಾಯಿತು. ಮರದ ವ್ಯಾಪಾರದ ಮೇಲಿನ ನಿಯಂತ್ರಣ ಮುಂದುವರಿಯಿತು. ಅಳಿವಿನ ಅಪಾಯಕ್ಕೆ ಈಡಾಗಬಲ್ಲ ಮರಗಳ ಪಟ್ಟ̆ಿಯಲ್ಲಿ ಬೀಟೆಯ ಹೆಸರಿದೆ.

ಹುಣಸೂರು, ಪಿರಿಯಾಪಟ್ಟಣಗಳ ಸುತ್ತಿನ ಜನರಿಗೆ ಇದು ದೂರದ ಮಾತಲ್ಲ. ಇಲ್ಲಿ ಕಾಡಿನ ಮೇಲೆ ಬೀಳುವ ಒತ್ತಡ ಒಂದೆರಡು ಬಗೆಯದಲ್ಲ. ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಿಂದ ಹೊಲಗಳಿಗೆ ನೀರು ದೊರೆಯಿತು. ಕಾಕನಕೋಟೆಯ ಕಾಡಿನ ಒಂದು ಭಾಗ ಆ ನೀರಿನಲ್ಲಿ ಮುಳುಗಿತು. ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಹೊಗೆಸೊಪ್ಪು ಕೈಗೆ ಕಾಸು ತರುವ ಬೆಳೆ. ಆದರೆ ಆ ಎಲೆಯನ್ನು ಬ್ಯಾರನ್ನುಗಳಲ್ಲಿ ಹದಮಾಡಲು ರಾಶಿ ರಾಶಿ ಸೌದೆ ಬೇಕು. ಕಾಳ್ಗಿಚ್ಚು ಬೀಟೆಯ ಎಳೆಯ ಸಸಿಗಳನ್ನು ಸುಡುತ್ತದೆ. ದನಗಳು ಚಿಗುರನ್ನು ಮೇಯುತ್ತವೆ. ಕಳ್ಳಸಾಗಣೆಯವರ ಕಣ್ಣು ಬಲಿತ ಮರಗಳ ಮೇಲೆ ಇದ್ದೇ ಇರುತ್ತದೆ. ಹಿಡುವಳಿ ಜಮೀನಿನಲ್ಲಿ ಬೆಳೆದ ಬೀಟೆಯನ್ನು ಕೂಡ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. ಈ ಕಟ್ಟುಪಾಡು ಇಲ್ಲದಿದ್ದರೆ ಉಳಿದಿರುವ ಮರಗಳೂ ಉಳಿಯುತ್ತಿರಲಿಲ್ಲ ಎಂಬುದು ನಿಜ. ಆದರೆ ಮರವನ್ನು ಸಾಕಿದವನಿಗೆ ಅದರಿಂದ ನ್ಯಾಯವಾದ ಫಲ ದೊರೆಯುವುದೆಂಬ ಭರವಸೆ ಇಲ್ಲದಿದ್ದರೆ, ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಕಾಪಾಡುವ ಉತ್ಸಾಹ ಯಾರಿಗೆ ಬಂದೀತು? ಕಾನೂನು ಕೊಡಲಿಯನ್ನು ತಡೆಯಬಲ್ಲುದು. ಸಸಿಯನ್ನು ಬೆಳೆಸಲು ಅದಷ್ಟರಿಂದಲೇ ಆಗದು. ಅದಕ್ಕೆ ಜನರ ಒಲವೂ ಬೇಕು, ಅವರ ಪಾಲೂ ಬೇಕು.

ಬೀಟೆಗೆ ಒಂದು ಉದಾರವಾದ ಗುಣವಿದೆ. ತಾಯಿಮರದ ಬೇರು ಹರಿದ ಕಡೆಯೆಲ್ಲ ಅದರಿಂದ ಹೊಸ ಕುಡಿಗಳು ಮೇಲೇಳುತ್ತವೆ. ಬೆಂಕಿಯಿಂದಲೂ ದನಕರುಗಳಿಂದಲೂ ಕೆಲವು ವರ್ಷ ಅವನ್ನು ಕಾಪಾಡಿದರೆ ಕಾಡು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಇಂದು ಅರಣ್ಯದ ಅಂಚಿನಲ್ಲಿ ತಲೆಯೆತ್ತಿದ ಒಂದು ಕುಡಿ ಹೆಮ್ಮರವಾಗುವುದನ್ನು ಈಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಕಾಣಲಾರರು. ಅವರ ಮೊಮ್ಮಕ್ಕಳು ಕಂಡಾರು. ಇಂದಿನ ವೀಣೆಯೂ ಇಂದಿನ ಗಿಟಾರೂ ನುಡಿಯುತ್ತಿರುವುದು, ಹಿಂದೆ ಯಾವುದೋ ಕಾಲದಲ್ಲಿ ಯಾರೋ ಕಡಿಯದೆ ಬಿಟ್ಟ ಮರದಿಂದಲೇ ಅಲ್ಲವೆ?

ಸಂಗ್ರಹವೆಂದರೆ ಕೂಡಿಡುವುದಷ್ಟೇ ಅಲ್ಲ. ಹಳೆಯ ವಾದ್ಯವನ್ನು ಜೋಪಾನ ಮಾಡಿ, ನುಡಿಸಿ, ಸಮಯ ಬಂದಾಗ ಮತ್ತೊಬ್ಬರ ಕೈಗೆ ಒಪ್ಪಿಸುವವನು ನಿಜವಾದ ಸಂಗ್ರಾಹಕ. ಕಾಡು ಕೂಡ ಒಂದು ಸಂಗ್ರಹವೇ. ಮನುಷ್ಯನು ಮಾಡದ, ಆದರೆ ಮನುಷ್ಯನೇ ಕಾಯಬೇಕಾದ ಸಂಗ್ರಹ. ಗಿಟಾರು ಕೆಟ್ಟರೆ ಕತ್ತನ್ನು ಬದಲಾಯಿಸಬಹುದು, ತಂತಿಯನ್ನು ಹೊಸದಾಗಿ ಬಿಗಿಯಬಹುದು. ಬೀಟೆಯೇ ಇಲ್ಲವಾದರೆ ಅದನ್ನು ಮರಳಿ ತರುವ ಅಂಗಡಿ ಯಾವ ನಗರದಲ್ಲಿಯೂ ಇಲ್ಲ.